ಹೆಜ್ಜೆ ಯಾರದು, ಮರ ಮುರಿದವರಾರು?

ವಿಜಯವಾಡದ ವಿಮಾನ ನಿಲ್ದಾಣವಿರುವ ಗನ್ನವರಂನಿಂದ ವಿಶಾಖಪಟ್ಟಣದ ಕಡೆಗೆ 16ನೇ ರಾಷ್ಟ್ರೀಯ ಹೆದ್ದಾರಿ ಹಿಡಿದರೆ ಗೋದಾವರಿ ದಾಟುವವರೆಗೆ ಬಹುಪಾಲು ಗದ್ದೆಬಯಲು. ಆಮೇಲೆ ಎಡಗಡೆಯ ಪೂರ್ವಘಟ್ಟದ ಗುಡ್ಡಸಾಲು ರಸ್ತೆಗೆ ಹತ್ತಿರವಾಗುತ್ತ ಹೋಗಿ, ವಿಶಾಖಪಟ್ಟಣದಲ್ಲಿ ಸಮುದ್ರದ ಅಂಚಿಗೇ ಬಂದು ನಿಲ್ಲುತ್ತದೆ. ಊರಿಗೆ ಅಂಟಿಕೊಂಡ ಕಂಬಾಲಕೊಂಡ ವನ್ಯಧಾಮದಲ್ಲಿ ಸುಮಾರು 70 ಚದರ ಕಿಲೋಮೀಟರ್ ಕಾಡಿದೆ, ಅದರಲ್ಲಿ ಚಿರತೆಯೂ ಇದೆ. 2014ರ ಅಕ್ಟೋಬರ್ 12ರ ಮಧ್ಯಾಹ್ನ ಹುದ್‌ಹುದ್ ಚಂಡಮಾರುತ ಸರಿಯಾಗಿ ಈ ಊರಿನ ಮೇಲೆಯೇ ದಡ ಹತ್ತಿತು. ಗಾಳಿಯ ವೇಗ ಗಂಟೆಗೆ 180 ಕಿ.ಮೀ. ಆಸುಪಾಸು. ಬೀದಿಯ ಸಾಲುಮರಗಳೂ ಗುಡ್ಡದ ಮರಗಳೂ ಲೆಕ್ಕವಿಲ್ಲದಷ್ಟು ಉರುಳಿದವು. ಇಂಥ ಗಾಳಿ ಬಡಿದ ಕಾಡನ್ನು ಕೆಲವು ವರ್ಷ ಬಿಟ್ಟು, ಗಾಳಿಯ ಸುದ್ದಿಯೇ ಗೊತ್ತಿಲ್ಲದವರು ಹೊಕ್ಕರೆ ಅವರಿಗೆ ಕಾಣುವುದೇ ಬೇರೆ. ಎರಡು ಕಾಂಡಗಳು ಒಂದರ ಮೇಲೊಂದು ಅಡ್ಡ ಬಿದ್ದು ಗುಣಾಕಾರದ ಗುರುತು ಹಾಕಿದಂತಿರುತ್ತವೆ. ಎಳೆಯ ಮರವೊಂದು ಬಿಲ್ಲಾಗಿ ಬಾಗಿ, ತುದಿ ನೆಲಕ್ಕೆ ಸಿಕ್ಕಿಕೊಂಡಿರುತ್ತದೆ. ಪಕ್ಕದಲ್ಲಿ ಆಳುದ್ದದ ಒಂದು ತಗ್ಗು, ತಗ್ಗಿಗೆ ಒತ್ತಿಕೊಂಡು ಒಂದು ದಿಬ್ಬ. ಯಾರೋ ಬೇಕೆಂದೇ ಕಟ್ಟಿದರು, ಯಾರನ್ನೋ ಹೂತರು ಎನ್ನಿಸುವಷ್ಟು ಅಚ್ಚುಕಟ್ಟು. ಅಮೆರಿಕದ ಕಾಡುಗಳಲ್ಲಿ ಇಂಥದನ್ನು ಕಂಡವರು ‘ಬಿಗ್‌ಫುಟ್’ ಎಂಬ ದೈತ್ಯ ವಾನರ ಕಟ್ಟಿದ್ದು ಎನ್ನುತ್ತಾರೆ. ನಮ್ಮಲ್ಲಿ ಹೇಳುವ ಹೆಸರು ಊರಿಗೊಂದು.

ಉತ್ತರ ಗಾಳಿಯಲ್ಲೇ ಇದೆ. ಭೂಮಧ್ಯರೇಖೆಯ ಉತ್ತರಕ್ಕೆ ಚಂಡಮಾರುತದ ಗಾಳಿ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ಸುತ್ತುತ್ತದೆ. ಬಂಗಾಳ ಕೊಲ್ಲಿಯಿಂದ ಪಶ್ಚಿಮಕ್ಕೆ ಸರಿಯುವ ಸುಳಿಯ ಮುಂಭಾಗ ಊರನ್ನು ಮುಟ್ಟಿದಾಗ ಗಾಳಿ ಬಡಗಣದಿಂದ ಬೀಸುತ್ತದೆ. ಸುಳಿಯ ಕಣ್ಣು ಮೇಲೆ ಬಂದಾಗ ಸ್ವಲ್ಪ ಹೊತ್ತು ಎಲ್ಲವೂ ಸ್ತಬ್ಧ. ಮುಗಿಯಿತೆಂದು ಜನ ಹೊರಗೆ ಬರುವಷ್ಟರಲ್ಲಿ ಹಿಂಭಾಗ ಬಂದು, ಅಷ್ಟೇ ಬಿರುಸಿನ ಗಾಳಿ ಈಗ ತೆಂಕಣದಿಂದ ಅಪ್ಪಳಿಸುತ್ತದೆ. ಮೊದಲ ಹೊಡೆತಕ್ಕೆ ಬಿದ್ದ ಮರಗಳು ಒಂದು ದಿಕ್ಕಿಗೆ ಒರಗುತ್ತವೆ. ಅದನ್ನು ತಡೆದುಕೊಂಡರೂ ಬೇರು ಸಡಿಲವಾದವು ಎರಡನೆಯ ಹೊಡೆತಕ್ಕೆ ಎದುರು ದಿಕ್ಕಿಗೆ ಬೀಳುತ್ತವೆ. ಇಳಿಜಾರು ಗುಡ್ಡದಲ್ಲಿ ಇವು ಒಂದನ್ನೊಂದು ಅಡ್ಡಹಾಯದಿದ್ದರೆ ಅದೇ ಆಶ್ಚರ್ಯ. ದೊಡ್ಡ ಮರ ಬುಡಸಮೇತ ಕಿತ್ತು ಬಿದ್ದಾಗ ಬೇರಿನ ಜೊತೆ ಮಣ್ಣಿನ ಹೆಂಟೆಯೂ ಏಳುತ್ತದೆ. ಏಳೆಂಟು ಮಳೆಗಾಲ ಕಳೆದರೆ ಬೇರು ಕೊಳೆತು ಮಣ್ಣು ಕುಸಿದು ದಿಬ್ಬವಾಗುತ್ತದೆ, ಎದ್ದ ಜಾಗ ತಗ್ಗಾಗಿ ಉಳಿಯುತ್ತದೆ. ಗೆದ್ದಲು ತಿಂದು ಕಾಂಡವೇ ಮಾಯವಾದ ಮೇಲೂ ಈ ಜೋಡಿ ಬಹುಕಾಲ ಇರುತ್ತದೆ. ಸಮಾಧಿ ಎಂದುಕೊಂಡದ್ದು ಮರ ಎದ್ದುಹೋದ ಜಾಗ. ಹಾಗಾದರೆ ಕಾಡಿನ ಗುರುತು ನೋಡಿ ಅದನ್ನು ಮಾಡಿದವರ ಹೆಸರು ಹೇಳಲು ಆಗುವುದೇ ಇಲ್ಲವೇ? ಆಗುತ್ತದೆ. ಆದರೆ ಒಂದು ಗುರುತಿಗೆ ಯಾವಾಗಲೂ ಮೂವರು ಪಾಲುದಾರರು: ಅದನ್ನು ಮಾಡಿದ್ದು, ಅದು ಬಿದ್ದ ನೆಲ ಅಥವಾ ಮರ, ಮತ್ತು ಅಲ್ಲಿಂದ ಈಚೆಗೆ ಕಳೆದ ಕಾಲ. ಕೊನೆಯ ಇಬ್ಬರ ಪಾಲನ್ನು ಕಳೆಯದೆ ಮೊದಲನೆಯವರ ಹೆಸರು ಹೇಳುವುದು ಊಹೆ. ನಮ್ಮ ದೇಶ ಈ ಪಾಠವನ್ನು ಹುಲಿಯ ಲೆಕ್ಕದಲ್ಲಿ ತಪ್ಪಿಬಿದ್ದು ಕಲಿತಿದೆ.

ಹೆಜ್ಜೆಯನ್ನೇ ಮೊದಲು ನೋಡೋಣ. ಕಾಡುದಾರಿಯ ಸಣ್ಣ ಧೂಳಿನ ಮೇಲೆ ಚಿರತೆ ನಡೆದರೆ ಅಚ್ಚು ಸ್ಪಷ್ಟ: ನಾಲ್ಕು ಬೆರಳು, ಹಿಂದೆ ಅಂಗಾಲಿನ ಮೆತ್ತೆ, ಮೆತ್ತೆಯ ಹಿಂಬದಿಯಲ್ಲಿ ಮೂರು ಉಬ್ಬು. ಬೆಕ್ಕಿನ ಜಾತಿ ಉಗುರನ್ನು ಒಳಗೆ ಎಳೆದುಕೊಂಡು ನಡೆಯುವುದರಿಂದ ಉಗುರಿನ ಚುಕ್ಕೆ ಇರುವುದಿಲ್ಲ. ನಾಯಿ, ತೋಳ, ಕತ್ತೆಕಿರುಬಗಳ ಹೆಜ್ಜೆಯಲ್ಲಿ ಇರುತ್ತದೆ. ಪುಸ್ತಕದಲ್ಲಿ ಇಷ್ಟು ಸುಲಭ. ಅದೇ ಚಿರತೆ ಕೆರೆಯಂಚಿನ ಕೆಸರಿನಲ್ಲಿ ಕಾಲಿಟ್ಟರೆ ಭಾರಕ್ಕೆ ಬೆರಳು ಅಗಲವಾಗಿ ಹರಡುತ್ತವೆ, ಜಾರದಿರಲು ಅದು ಉಗುರನ್ನೂ ಊರುತ್ತದೆ, ಕಾಲು ಎತ್ತಿದಾಗ ಕೆಸರಿನ ಅಂಚು ಒಳಕ್ಕೆ ಅಥವಾ ಹೊರಕ್ಕೆ ಕುಸಿಯುತ್ತದೆ. ಈಗ ಅದು ಚಿರತೆಯೋ ಮರಿ ಹುಲಿಯೋ ದೊಡ್ಡ ನಾಯಿಯೋ ಎಂದು ಜಗಳವಾಡಬಹುದು. ಒಣಗಿದ ಕೆಸರಿನಲ್ಲಿ ಬಿರುಕು ಬಿಟ್ಟ ಹೆಜ್ಜೆ ಇನ್ನೂ ಅಗಲ. ಮರಳಿನಲ್ಲಿ ಬಿಸಿಲೇರಿದಂತೆ ಅಂಚು ಉದುರಿ ಹೆಜ್ಜೆ ಬೆಳೆಯುತ್ತದೆ. ಹಿಮದಲ್ಲಂತೂ ಬಿಸಿಲಿಗೆ ಕರಗಿ ಅಂಗೈಯಗಲದ ಗುರುತು ಮೊರದಗಲ ಆಗುವುದೂ ಉಂಟು. ಇನ್ನೊಂದು ಸಂಗತಿಯನ್ನು ಹೊಸಬರು ಗಮನಿಸುವುದೇ ಇಲ್ಲ. ಬಹಳಷ್ಟು ನಾಲ್ಕು ಕಾಲಿನ ಪ್ರಾಣಿಗಳು ಮುಂಗಾಲು ಇಟ್ಟ ಜಾಗದಲ್ಲೇ, ಅಥವಾ ಅದಕ್ಕೆ ತಾಗಿಸಿ, ಹಿಂಗಾಲು ಇಡುತ್ತವೆ. ಎರಡು ಅಚ್ಚು ಒಂದಾಗಿ ಉದ್ದನೆಯ ಒಂದೇ ಹೆಜ್ಜೆಯಂತೆ ಕಾಣುತ್ತದೆ. ನಾಲ್ಕು ಕಾಲಿನಲ್ಲಿ ನಡೆದದ್ದು ಎರಡು ಕಾಲಿನ ದೈತ್ಯನ ದಾರಿಯಾಗುವುದು ಹೀಗೆ.

ಈ ಗೊಂದಲದಲ್ಲಿ ಅತಿ ಹೆಚ್ಚು ಪಾಲು ಕರಡಿಯದು. ಕರಡಿ ನಮ್ಮಂತೆಯೇ ಇಡೀ ಅಂಗಾಲು ಊರಿ ನಡೆಯುವ ಪ್ರಾಣಿ. ಹಿಂಗಾಲಿನ ಅಚ್ಚಿನಲ್ಲಿ ಐದು ಬೆರಳು, ಉದ್ದನೆಯ ಅಂಗಾಲು, ಹಿಮ್ಮಡಿ ಎಲ್ಲವೂ ಇರುತ್ತವೆ. ಬಳ್ಳಾರಿ ಸೀಮೆಯ ದರೋಜಿಯಲ್ಲಿ 1994ರಲ್ಲಿ ಕರಡಿಧಾಮ ಆಯಿತಲ್ಲ, ಆ ಬಂಡೆಗುಡ್ಡಗಳ ಆಚೀಚೆ ಕರ್ನಾಟಕ, ಆಂಧ್ರ ಎರಡೂ ಕಡೆಯ ರೈತರಿಗೆ ಈ ಹೆಜ್ಜೆ ಹೊಸದಲ್ಲ. ಮನುಷ್ಯನ ಪಾದದಿಂದ ಅದನ್ನು ಬೇರೆ ಮಾಡುವ ಗುಟ್ಟು ಬೆರಳಲ್ಲಿದೆ. ನಮ್ಮ ಹೆಬ್ಬೆರಳು ಪಾದದ ಒಳಬದಿಗೆ ಇದ್ದರೆ, ಕರಡಿಗೆ ಒಳಬದಿಯಲ್ಲಿರುವುದು ಕಿರುಬೆರಳು. ನಮ್ಮ ಕರಡಿಯ ಬೆರಳುಗಳು ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿರುತ್ತವೆ, ಅವುಗಳ ಮುಂದೆ ಉಗುರಿನ ಗುರುತು ಬೇರೆಯಾಗಿ ಬೀಳುತ್ತದೆ. ಗಟ್ಟಿ ನೆಲದಲ್ಲಿ ಉಗುರು ಮೂಡದಿದ್ದರೆ, ಒಂದೆರಡು ಬೆರಳು ಅಳಿಸಿದ್ದರೆ, ನೋಡುವವರ ಮನಸ್ಸು ಉಳಿದದ್ದನ್ನು ತಾನೇ ತುಂಬಿಕೊಳ್ಳುತ್ತದೆ. 1951ರಲ್ಲಿ ಪರ್ವತಾರೋಹಿ ಎರಿಕ್ ಶಿಪ್ಟನ್ ಎವರೆಸ್ಟ್ ಸೀಮೆಯ ಹಿಮದಲ್ಲಿ ತೆಗೆದ ಹೆಜ್ಜೆಯ ಫೋಟೊ ಹಿಮಾಲಯದ ದೈತ್ಯ ‘ಯೇತಿ’ಯನ್ನು ಜಗತ್ತಿನ ಮನೆಮಾತಾಗಿಸಿತು. 2019ರ ಏಪ್ರಿಲ್‌ನಲ್ಲಿ ಭಾರತೀಯ ಸೇನೆಯೇ ಮಕಾಲು ಶಿಬಿರದ ಬಳಿ 32 ಅಂಗುಲ ಉದ್ದ, 15 ಅಂಗುಲ ಅಗಲದ ಯೇತಿ ಹೆಜ್ಜೆಗಳು ಕಂಡಿವೆ ಎಂದು ಟ್ವೀಟ್ ಮಾಡಿ ನಗೆಗೆ ಗುರಿಯಾಯಿತು. ಅದಕ್ಕೆ ಎರಡು ವರ್ಷ ಮೊದಲೇ ಷಾರ್ಲೆಟ್ ಲಿಂಡ್‌ಕ್ವಿಸ್ಟ್ ಎಂಬ ವಿಜ್ಞಾನಿಯ ತಂಡ ಯೇತಿಯದೆಂದು ಸಂಗ್ರಹಾಲಯಗಳಲ್ಲೂ ಮಠಗಳಲ್ಲೂ ಇಟ್ಟಿದ್ದ ಮೂಳೆ, ಚರ್ಮ, ಕೂದಲು, ಹಲ್ಲುಗಳ ಒಂಬತ್ತು ಮಾದರಿಗಳ ಡಿಎನ್‌ಎ ಪರೀಕ್ಷಿಸಿತ್ತು. ಎಂಟು ಕರಡಿಯವು, ಒಂದು ನಾಯಿಯದು. ಅಮೆರಿಕದ ಕಥೆ ಇನ್ನೂ ಸಪ್ಪೆ. 1958ರಲ್ಲಿ ಕ್ಯಾಲಿಫೋರ್ನಿಯಾದ ಬ್ಲಫ್ ಕ್ರೀಕ್‌ನಲ್ಲಿ ಕಂಡ ಭಾರಿ ಹೆಜ್ಜೆಗಳಿಂದಲೇ ‘ಬಿಗ್‌ಫುಟ್’ ಎಂಬ ಹೆಸರು ಹಬ್ಬಿದ್ದು. ಅಲ್ಲಿ ರಸ್ತೆ ಗುತ್ತಿಗೆದಾರನಾಗಿದ್ದ ರೇ ವ್ಯಾಲೇಸ್ 2002ರಲ್ಲಿ ತೀರಿಕೊಂಡ ಮೇಲೆ ಮನೆಯವರು ಅವನು ಬಳಸುತ್ತಿದ್ದ ಮರದ ಪಾದಗಳನ್ನು ಹೊರಗೆ ತೆಗೆದು ತೋರಿಸಿದರು. (ನಮ್ಮ ಬಂಡೆಗಳ ಮೇಲಿನ ಭೀಮನ ಹೆಜ್ಜೆ, ಲೇಪಾಕ್ಷಿಯ ಸೀತೆಯ ಪಾದ ಇವೆಲ್ಲ ಬೇರೆ ಲೆಕ್ಕ. ಅವು ಭಕ್ತಿಗೆ ಸೇರಿದವು; ಅಲ್ಲಿ ಟೇಪು ಹಿಡಿದು ನಿಲ್ಲುವುದು ಅಧಿಕಪ್ರಸಂಗ.)

ಯೇತಿಯನ್ನು ನಂಬಿದವರನ್ನು ಗೇಲಿ ಮಾಡುವುದು ಸುಲಭ. ಹೆಜ್ಜೆಯನ್ನು ಅತಿಯಾಗಿ ನಂಬಿದವರಲ್ಲಿ ಓದಿದವರೂ ಅಧಿಕಾರಿಗಳೂ ಇದ್ದರು ಎಂಬುದು ಅದಕ್ಕಿಂತ ಮುಖ್ಯ. ಒಡಿಶಾದ ಅರಣ್ಯಾಧಿಕಾರಿ ಸರೋಜ್ ರಾಜ್ ಚೌಧುರಿ 1966ರಲ್ಲಿ ಹುಲಿಗಳನ್ನು ಹೆಜ್ಜೆಯಿಂದ ಎಣಿಸುವ ವಿಧಾನ ರೂಪಿಸಿದರು. ಹೆಜ್ಜೆಯ ಮೇಲೆ ಗಾಜಿನ ಹಲಗೆ ಇಟ್ಟು ಅದರ ಅಂಚನ್ನು ಬರೆದುಕೊಳ್ಳುವುದು, ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿದು ಅಚ್ಚು ತೆಗೆಯುವುದು, ಹಿಂಗಾಲಿನ ಗುರುತು ಚೌಕವಾಗಿದ್ದರೆ ಗಂಡು, ಉದ್ದವಾಗಿದ್ದರೆ ಹೆಣ್ಣು ಎಂದು ವಿಂಗಡಿಸುವುದು, ಒಂದೊಂದು ಹುಲಿಯ ಹೆಜ್ಜೆಗೂ ಅದರದೇ ಗುರುತಿದೆ ಎಂದು ನಂಬಿ ತಾಳೆ ನೋಡುವುದು. ಆ ಕಾಲಕ್ಕೆ ಇದು ಜಾಣ ಉಪಾಯವೇ. 1972ರಲ್ಲಿ ಇಡೀ ದೇಶದಲ್ಲಿ ಹೀಗೆ ಎಣಿಸಿ 1,827 ಎಂಬ ಸಂಖ್ಯೆ ಬಂತು. ಮರುವರ್ಷ ಹುಲಿ ಯೋಜನೆ ಶುರುವಾಯಿತು, ಬಂಡೀಪುರ ಅದರ ಮೊದಲ ಒಂಬತ್ತು ಮೀಸಲು ಪ್ರದೇಶಗಳಲ್ಲಿ ಒಂದಾಯಿತು. ಮುಂದಿನ ಮೂರು ದಶಕ ದೇಶದ ಹುಲಿಲೆಕ್ಕ ನಿಂತದ್ದು ಈ ಗಾಜಿನ ಹಲಗೆಯ ಮೇಲೆ. ಕನ್ನಡಿಗರೇ ಆದ ವನ್ಯಜೀವಿ ವಿಜ್ಞಾನಿ ಕೆ. ಉಲ್ಲಾಸ ಕಾರಂತರು 1980ರ ದಶಕದಲ್ಲೇ ಇದನ್ನು ಪ್ರಶ್ನಿಸಿದರು. ಕೆಲವೇ ಸಾಕು ಹುಲಿಗಳ ಹೆಜ್ಜೆಗಳನ್ನು ಬೇರೆ ಬೇರೆ ಕಡೆ ಬರೆಸಿಕೊಂಡು, ಇವು ಎಷ್ಟು ಹುಲಿಯವು ಹೇಳಿ ಎಂದು ಅನುಭವಸ್ಥ ಅಧಿಕಾರಿಗಳ ಮುಂದಿಟ್ಟರು. ಒಬ್ಬೊಬ್ಬರ ಉತ್ತರ ಒಂದೊಂದು, ಎಲ್ಲವೂ ಇದ್ದುದಕ್ಕಿಂತ ಹೆಚ್ಚು. ಒಂದೇ ಹುಲಿ ಮರಳಲ್ಲಿ ಒಂದು, ಕೆಸರಲ್ಲಿ ಇನ್ನೊಂದು, ಓಡುವಾಗ ಮತ್ತೊಂದು ಹುಲಿಯಾಗಿಬಿಡುತ್ತಿತ್ತು. ನೆಲದ ಪಾಲನ್ನು ಯಾರೂ ಕಳೆದಿರಲಿಲ್ಲ.

ಬದಲಿಗೆ ಏನು ಮಾಡಬೇಕು ಎಂಬುದನ್ನೂ ಕಾರಂತರು ನಾಗರಹೊಳೆಯಲ್ಲೇ ತೋರಿಸಿದರು. ಕಾಡುದಾರಿಯ ಎರಡು ಬದಿಗೆ ತಾನೇ ಫೋಟೊ ತೆಗೆಯುವ ಕ್ಯಾಮೆರಾ ಕಟ್ಟಿ, ಹುಲಿಯ ಮೈಯ ಪಟ್ಟೆಗಳಿಂದ ಅದನ್ನು ಗುರುತಿಸುವುದು. ಪಟ್ಟೆ ಒಂದು ಹುಲಿಗಿದ್ದಂತೆ ಇನ್ನೊಂದಕ್ಕೆ ಇರುವುದಿಲ್ಲ. ಮಳೆಯಾದರೂ ಧೂಳಾದರೂ ಅದು ಬದಲಾಗುವುದಿಲ್ಲ. ಮೊದಲ ಸಲ ಸಿಕ್ಕವೆಷ್ಟು, ಅವುಗಳಲ್ಲಿ ಮತ್ತೆ ಸಿಕ್ಕವೆಷ್ಟು ಎಂಬ ಅನುಪಾತದಿಂದ ಸಿಗದೆ ಹೋದವನ್ನೂ ಅಂದಾಜು ಮಾಡುವ ಸಂಖ್ಯಾಶಾಸ್ತ್ರ ಇದಕ್ಕೆ ಸೇರಿತು. 1995ರಲ್ಲಿ ಈ ಕೆಲಸ ಪ್ರಕಟವಾದರೂ ಸರ್ಕಾರಿ ಲೆಕ್ಕ ಬದಲಾಗಲು ರಾಜಸ್ಥಾನದ ಸರಿಸ್ಕಾದಲ್ಲಿ ಅನಾಹುತವೇ ಆಗಬೇಕಾಯಿತು. ಅಲ್ಲಿ 2004ರ ಕಡತದಲ್ಲಿ ಹದಿನೈದಕ್ಕೂ ಹೆಚ್ಚು ಹುಲಿಗಳಿದ್ದವು. ಮರುವರ್ಷ ಕಾಡಿನಲ್ಲಿ ಒಂದೂ ಇಲ್ಲವೆಂದು ಬಯಲಾಯಿತು. ಹೊಸ ವಿಧಾನದಲ್ಲಿ ದೇಶದ ಮೊದಲ ಅಂದಾಜು, 2006ರದು, 1,411. 2022ರ ಅಂದಾಜಿನಲ್ಲಿ ಅದು 3,682 ಆಗಿದೆ, ಕರ್ನಾಟಕದ ಪಾಲು 563. ಹೆಜ್ಜೆ ಸುಳ್ಳು ಹೇಳಿತ್ತೆಂದಲ್ಲ. ಇಲ್ಲಿ ಹುಲಿ ಓಡಾಡಿದೆ ಎಂದಷ್ಟೇ ಅದು ಹೇಳಿತ್ತು. ಯಾವ ಹುಲಿ, ಎಷ್ಟು ಹುಲಿ ಎಂಬುದನ್ನು ನಾವು ಅದರ ಬಾಯಿಗೆ ತುರುಕಿದೆವು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ನ್ಯಾಯವಾದದ್ದೇ. ಹಾಗಾದರೆ ಜೇನು ಕುರುಬರು, ಸೋಲಿಗರು ಹೆಜ್ಜೆ ನೋಡಿ ಹೇಳುವುದೆಲ್ಲ ಹುಸಿಯೇ? ಅರಣ್ಯ ಇಲಾಖೆ ಇವತ್ತಿಗೂ ಅವರನ್ನೇ ಮುಂದೆ ಬಿಟ್ಟುಕೊಂಡು ಕಾಡು ಹೊಗುವುದಿಲ್ಲವೇ? ಹೊಗುತ್ತದೆ, ಹೊಗಲೂ ಬೇಕು. ಆದರೆ ಆ ಹಿರಿಯರು ಮಾಡುವುದನ್ನು ಗಮನಿಸಿ ನೋಡಿ: ಒಂದು ಹೆಜ್ಜೆ ನೋಡಿ ಅವರು ಯಾವತ್ತೂ ತೀರ್ಪು ಕೊಡುವುದಿಲ್ಲ. ಹಿಂದಿನ ಹತ್ತು ಹೆಜ್ಜೆ, ಮುಂದಿನ ಹತ್ತು ಹೆಜ್ಜೆ ನೋಡುತ್ತಾರೆ. ಮಂಜಿನ ಹನಿ ಹೆಜ್ಜೆಯೊಳಗೆ ಬಿದ್ದಿದೆಯೋ, ಹೆಜ್ಜೆ ಮಂಜನ್ನು ತುಳಿದಿದೆಯೋ ನೋಡುತ್ತಾರೆ. ಅದರಿಂದ ರಾತ್ರಿ ಹೋದದ್ದೋ ಬೆಳಗಿನ ಜಾವದ್ದೋ ತಿಳಿಯುತ್ತದೆ. ಆನೆ ಲದ್ದಿಗೆ ಕೈ ಇಟ್ಟು ಬಿಸಿ ನೋಡುತ್ತಾರೆ. ಮುಸುವದ ಕೂಗು, ಜಿಂಕೆಯ ಎಚ್ಚರಿಕೆಯ ಕರೆ ಎಲ್ಲಿಂದ ಬಂತು ಎಂದು ಕಿವಿಗೊಡುತ್ತಾರೆ. ನೆಲ ಮತ್ತು ಕಾಲದ ಪಾಲನ್ನು ಕಳೆಯುವ ವಿದ್ಯೆ ಅವರಿಗೆ ಕರಗತ, ಅದನ್ನು ಅವರು ಬರೆದಿಟ್ಟಿಲ್ಲ ಅಷ್ಟೆ. ಮಾವುತರು ಆನೆಯ ಮುಂಗಾಲಿನ ಸುತ್ತಳತೆಯನ್ನು ಎರಡರಿಂದ ಗುಣಿಸಿ ಭುಜದ ಎತ್ತರ ಹೇಳುವುದೂ ಹೀಗೇ; ಅಳತೆ ಹಿಡಿದು ನೋಡಿದರೆ ಲೆಕ್ಕ ಬಹುಮಟ್ಟಿಗೆ ಸರಿಹೋಗುತ್ತದೆ. ಹಲಗೆಯ ವಿಧಾನ ಸೋತದ್ದು ಈ ವಿದ್ಯೆಯಿಂದಲ್ಲ; ಸಾವಿರಾರು ಹೆಜ್ಜೆಗಳನ್ನು ಅವುಗಳ ನೆಲದಿಂದ ಕಿತ್ತು ಕಚೇರಿಯ ಮೇಜಿಗೆ ತಂದು ತಾಳೆ ಹಾಕಿದ್ದರಿಂದ.

ಮರಗಳ ವಿಷಯದಲ್ಲೂ ಅದೇ ಮೂವರ ಪಾಲು, ಆದರೆ ಇಲ್ಲಿ ಕಾಲದ ಪಾಲು ದೊಡ್ಡದು. ಎಳೆಯ ಮರದ ಮೇಲೆ ದೊಡ್ಡ ಕೊಂಬೆ ಬಿದ್ದು ಅದನ್ನು ನೆಲಕ್ಕೆ ಬಗ್ಗಿಸಿತು ಎನ್ನಿ. ಮರ ಸಾಯುವುದಿಲ್ಲ. ಬಾಗಿದ ಕಾಂಡದ ಮೇಲ್ಬದಿಯಲ್ಲಿ ಎಳೆದು ಹಿಡಿಯುವ ಗುಣದ ಬೇರೆ ಬಗೆಯ ಕಟ್ಟಿಗೆ ಬೆಳೆಸಿಕೊಳ್ಳುತ್ತದೆ, ಬಾಗಿನ ನಡುವಿನ ಒಂದು ಮೊಗ್ಗು ನೆಟ್ಟಗೆ ಆಕಾಶಕ್ಕೆ ಏಳುತ್ತದೆ. ಇಪ್ಪತ್ತು ವರ್ಷದ ಹೊತ್ತಿಗೆ ಬಿದ್ದ ಕೊಂಬೆ ಮಣ್ಣಾಗಿರುತ್ತದೆ, ಉಳಿಯುವುದು ನೆಲಕ್ಕೆ ಸಮನಾಗಿ ಓಡಿ ತಟ್ಟನೆ ಮೇಲೆದ್ದ ವಿಚಿತ್ರ ಕಾಂಡ. ಕಾರಣ ಕಾಣೆಯಾಗಿ ಪರಿಣಾಮ ಮಾತ್ರ ನಿಂತಿರುತ್ತದೆ. ಹಕ್ಕಿಯ ಹಿಕ್ಕೆಯಿಂದ ಮರದ ಕವಲಿನಲ್ಲಿ ಮೊಳೆತ ಗೋಳಿ, ಬಸರಿಗಳ ಕಥೆಯೂ ಇಂಥದೇ. ಬೇರುಗಳು ಕೆಳಗಿಳಿದು ಆಸರೆ ಮರವನ್ನು ಜಾಲರಿಯಾಗಿ ಸುತ್ತುತ್ತವೆ. ಒಳಗಿನ ಮರ ಕೊಳೆತು ಹೋದ ಮೇಲೆ ಒಳಗೆ ಆಳು ನಿಲ್ಲುವಷ್ಟು ಪೊಳ್ಳಾದ ಕಂಬ ಉಳಿಯುತ್ತದೆ. ಉತ್ತರ ಕನ್ನಡದ ಕತ್ತಲೆಕಾನಿನಂಥ ರಾಮಪತ್ರೆ ಜಡ್ಡಿಗಳಿಗೆ ಹೋದರೆ ಇನ್ನೂ ವಿಚಿತ್ರ: ನೆಲದಿಂದ ಮೊಣಕಾಲಿನಂತೆ ಮಡಿಚಿಕೊಂಡು ಮೇಲೆದ್ದು ಮತ್ತೆ ನೆಲ ಹೊಕ್ಕ ನೂರಾರು ಬೇರುಗಳು, ಕಾಂಡವನ್ನು ಊರುಗೋಲಿನಂತೆ ಎತ್ತಿಹಿಡಿದ ಬೇರುಗಳು. ವರ್ಷವಿಡೀ ನೀರು ನಿಂತ ಕೆಸರಿನಲ್ಲಿ ಬೇರಿಗೆ ಗಾಳಿ ಸಿಗುವುದಿಲ್ಲ, ಉಸಿರಿಗಾಗಿ ಅವು ಮೇಲೆ ಬರುತ್ತವೆ. ಯಾವುದೇ ಕೈ ಇದನ್ನು ಕಟ್ಟಿಲ್ಲ.

ಕೈ, ಸೊಂಡಿಲು, ಕೊಂಬು ಇರುವವರ ಕೆಲಸವೂ ಇದೆ. ಆನೆ ತೇಗದ ಸಿಪ್ಪೆಯನ್ನು ಮಾರುದ್ದ ಸುಲಿಯುತ್ತದೆ, ಬಿದಿರು ಮೆಳೆಯನ್ನು ಎಳೆದು ಅಡ್ಡಡ್ಡ ಕೆಡವುತ್ತದೆ. ಕೆಸರಲ್ಲಿ ಹೊರಳಿ ಬಂದು ಮೈ ಉಜ್ಜಿದ ಮರದಲ್ಲಿ ಎರಡೂವರೆ ಮೀಟರ್ ಎತ್ತರದವರೆಗೆ ಒಣಗಿದ ಮಣ್ಣು ಮೆತ್ತಿರುತ್ತದೆ. ಇಷ್ಟು ಎತ್ತರದ ಪ್ರಾಣಿ ಯಾವುದಪ್ಪಾ ಎಂದು ಬೆರಗಾಗುವವರು ಆ ಊರಲ್ಲಿ ಆನೆ ಇದೆಯೋ ಎಂದು ಮೊದಲು ವಿಚಾರಿಸಬೇಕು. ಕಡವೆ ಕೊಂಬು ತಿಕ್ಕಿ ಎಳೆಮರದ ತೊಗಟೆ ಹಾರಿಸುತ್ತದೆ. ಹುಲಿ ಹಿಂಗಾಲ ಮೇಲೆ ನಿಂತು ಆಳೆತ್ತರಕ್ಕೂ ಮೇಲೆ ಉಗುರು ಗೀರುತ್ತದೆ, ಕರಡಿ ಜೇನಿಗಾಗಿ ಹತ್ತಿದ ಮರದ ಉದ್ದಕ್ಕೂ ಗೀರು ಬಿಟ್ಟಿರುತ್ತದೆ. ಕೆಂದಳಿಲು ಕಡ್ಡಿ, ಎಲೆ ಸೇರಿಸಿ ಕೊಂಬೆಯ ತುದಿಯಲ್ಲಿ ಕಟ್ಟುವ ಗೂಡು ಹದ್ದಿನ ಗೂಡಿನಷ್ಟಿರುತ್ತದೆ, ಒಂದೇ ಅಳಿಲು ಅಂಥವನ್ನು ಹಲವು ಕಟ್ಟುತ್ತದೆ. ಇನ್ನು ಮನುಷ್ಯ. ಜೇನು ಕೀಳಲು ಕಾಂಡಕ್ಕೆ ಹೊಡೆದ ಗೂಟ, ಆನೆ ಹಿಡಿಯಲು ತೋಡಿ ಬಿಟ್ಟ ಗುಂಡಿ, ಇದ್ದಿಲು ಸುಟ್ಟ ಜಾಗ, ಹಳೆಯ ಕಂದಕ, ದನ ಕಾಯುವ ಹುಡುಗರು ಹೊತ್ತು ಕಳೆಯಲು ನಿಲ್ಲಿಸಿದ ಕೋಲುಗುಡಿಸಲು. ಕಾಡೆಂದು ನಾವು ಕರೆಯುವ ಬಹಳಷ್ಟು ಜಾಗದಲ್ಲಿ ನಮ್ಮವರೇ ನೂರಾರು ವರ್ಷ ಓಡಾಡಿದ್ದಾರೆ ಎಂಬುದನ್ನು ಮರೆತರೆ ಮಾತ್ರ ಅವರ ಗುರುತು ದೈತ್ಯರದಾಗುತ್ತದೆ.

ಇಷ್ಟಾದರೂ ಕೆಲವರು ಬಿಡುವುದಿಲ್ಲ. ಒಂದೆರಡು ಆಕಸ್ಮಿಕ ಇರಬಹುದು, ಆದರೆ ಇಷ್ಟೊಂದು ಗುಣಾಕಾರಗಳು, ಇಷ್ಟೊಂದು ಕಮಾನುಗಳು ತಾವಾಗಿಯೇ ಆಗುತ್ತವೆಯೇ ಎನ್ನುತ್ತಾರೆ. ಅವರು ಎಣಿಸಿದ್ದು ಗುಣಾಕಾರಗಳನ್ನು ಮಾತ್ರ. ಅದೇ ಗುಡ್ಡದಲ್ಲಿ ಏನನ್ನೂ ಹೋಲದಂತೆ ಬಿದ್ದ ಮರಗಳೆಷ್ಟು ಎಂದು ಯಾರೂ ಎಣಿಸಿರುವುದಿಲ್ಲ, ಫೋಟೊವನ್ನೂ ತೆಗೆದಿರುವುದಿಲ್ಲ. ಬಿದ್ದ ಮರ ಸಾವಿರವಿದ್ದರೆ ಅಡ್ಡಹಾದ ಜೋಡಿಗಳು ಹತ್ತಾರು ಸಿಗಲೇಬೇಕು. ಅಷ್ಟೇ ಅಲ್ಲ, ಬೇರೆ ಬೇರೆ ದಿಕ್ಕಿಗೆ ವಾಲಿದ ಯಾವ ಎರಡು ಕಾಂಡಗಳೂ, ಒಂದಕ್ಕೊಂದು ತಾಗದೇ ಇದ್ದರೂ, ಎಲ್ಲೋ ಒಂದು ಕಡೆ ನಿಂತು ನೋಡಿದರೆ ಅಡ್ಡಹಾದಂತೆ ಕಾಣುತ್ತವೆ. ಕ್ಯಾಮೆರಾ ಹಿಡಿದವರು ನಿಲ್ಲುವುದು ಅಲ್ಲಿಯೇ. ಇದನ್ನು ವಾದದಿಂದ ಬಗೆಹರಿಸಬೇಕಾಗಿಯೂ ಇಲ್ಲ, ಪರೀಕ್ಷಿಸಬಹುದು. ಬುಡ ಇನ್ನೂ ಬೇರಿಗೆ ಅಂಟಿದೆಯೇ, ಅಥವಾ ಬೇರೆಡೆಯಿಂದ ತಂದಿಟ್ಟದ್ದೇ? ಮುರಿದ ತುದಿ ಸಿಗುರುಸಿಗುರಾಗಿದೆಯೇ, ಮಚ್ಚಿನ ಏಟಿನಂತೆ ನುಣುಪಾಗಿದೆಯೇ? ಸುತ್ತಲಿನ ಮರಗಳೂ ಅದೇ ದಿಕ್ಕಿಗೆ ಬಿದ್ದಿವೆಯೇ? ತಾಗಿದ ಜಾಗದಲ್ಲಿ ಗಾಯ ಮಾಯ್ದು ತೊಗಟೆ ಎಷ್ಟು ದಪ್ಪ ಬೆಳೆದಿದೆ? ಈ ನಾಲ್ಕಕ್ಕೆ ಉತ್ತರ ಸಿಕ್ಕರೆ ಬಹುತೇಕ ಒಗಟು ಅಲ್ಲಿಗೇ ಮುಗಿಯುತ್ತದೆ.

ಕೊನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿ. ವಿಜ್ಞಾನಕ್ಕೆ ಗೊತ್ತಿಲ್ಲದ ಪ್ರಾಣಿಗಳು ಈಗಲೂ ಸಿಗುತ್ತಿವೆಯಲ್ಲ? ಸಿಗುತ್ತಿವೆ. ವಿಯೆಟ್ನಾಂ ಕಾಡಿನ ಸಾವೋಲಾ ಎಂಬ ದೊಡ್ಡ ಮೇಯುವ ಪ್ರಾಣಿ ಬೆಳಕಿಗೆ ಬಂದದ್ದು 1992ರಲ್ಲಿ. ನಮ್ಮ ಪಶ್ಚಿಮಘಟ್ಟದ ನೆಲದೊಳಗೆ ಬಾಳುವ ನೇರಳೆ ಕಪ್ಪೆಯನ್ನು ವಿಜ್ಞಾನಿಗಳು ವಿವರಿಸಿದ್ದು 2003ರಲ್ಲಿ. ಆದರೆ ಸಾವೋಲಾ ಸಿಕ್ಕಿದ್ದು ಬೇಟೆಗಾರರ ಮನೆಯ ಗೋಡೆಯ ಮೇಲಿದ್ದ ಕೊಂಬಿನಿಂದ, ಕಪ್ಪೆ ಸಿಕ್ಕಿದ್ದು ಕೈಗೇ. ಹೊಸ ಪ್ರಾಣಿ ಬರುವಾಗ ಮೂಳೆ, ಕೊಂಬು, ಚರ್ಮ, ಫೋಟೊ ಯಾವುದನ್ನಾದರೂ ಹೊತ್ತು ತರುತ್ತದೆ. ಬರೀ ಹೆಜ್ಜೆಯನ್ನೂ ಮುರಿದ ಕೊಂಬೆಯನ್ನೂ ಬಿಟ್ಟು ದಶಕಗಟ್ಟಲೆ ಓಡಾಡುವುದಿಲ್ಲ. ಅದರಲ್ಲೂ ಬಂಡೀಪುರ, ನಾಗರಹೊಳೆ, ಭದ್ರಾ, ಬಿಳಿಗಿರಿರಂಗನ ಬೆಟ್ಟಗಳಲ್ಲಿ ಹಗಲಿರುಳು ಕ್ಯಾಮೆರಾ ಕಟ್ಟುವ ಈ ಕಾಲದಲ್ಲಿ. ಅವುಗಳ ಮುಂದೆ ಇರುವೆಬಾಕ, ಪುನುಗಿನ ಬೆಕ್ಕು, ಕಳ್ಳ ಬೇಟೆಗಾರ ಎಲ್ಲರೂ ಹಾದುಹೋಗಿದ್ದಾರೆ. ಎರಡು ಕಾಲಿನ ದೈತ್ಯ ಮಾತ್ರ ಇನ್ನೂ ಬಂದಿಲ್ಲ.

ಹಾಗೆಂದು ಹೆಜ್ಜೆಯನ್ನು ಕಡೆಗಣಿಸುವಂತಿಲ್ಲ. 2022ರ ಮೇ ಕೊನೆಯಲ್ಲಿ ಮೊದಲು ಹೇಳಿದ ಅದೇ 16ನೇ ಹೆದ್ದಾರಿಗೆ ಹತ್ತಿರದ ಕಾಕಿನಾಡ ಜಿಲ್ಲೆಯ ಪ್ರತ್ತಿಪಾಡು ಮಂಡಲದಲ್ಲಿ ಜಾನುವಾರು ಸತ್ತು ಬಿದ್ದವು, ಹೊಲಗಳಲ್ಲಿ ದೊಡ್ಡ ಹೆಜ್ಜೆಗಳು ಕಂಡವು. ಅಲ್ಲಿನ ಅರಣ್ಯ ಇಲಾಖೆ ಹೆಜ್ಜೆಯನ್ನು ಹಿಡಿದು ಎಲ್ಲಿ ಕ್ಯಾಮೆರಾ ಕಟ್ಟಬೇಕೆಂದು ನಿರ್ಧರಿಸಿತು, ಕ್ಯಾಮೆರಾ ಹುಲಿಯ ಚಿತ್ರವನ್ನೇ ಕೊಟ್ಟಿತು. ಬೋನಿಗೆ ಬೀಳದೆ ವಾರಗಟ್ಟಲೆ ತಿರುಗಾಡಿದ ಆ ಹುಲಿ ಆಮೇಲೆ ಅನಕಾಪಲ್ಲಿ ಕಡೆಗೆ ಸರಿಯಿತು. ಹೆಜ್ಜೆ ದಾರಿ ತೋರಿಸಿತು, ಸಾಕ್ಷಿ ಹೇಳಿದ್ದು ಪಟ್ಟೆ. ಹೆಜ್ಜೆಯ ಕೆಲಸ ಅಷ್ಟೇ, ಅಷ್ಟು ಸಾಕು. ಆದ್ದರಿಂದ ಗದ್ದೆಬದುವಿನಲ್ಲೋ ಕಾಡಂಚಿನಲ್ಲೋ ಗುರುತು ಸಿಗದ ಹೆಜ್ಜೆ ಕಂಡರೆ ಪಕ್ಕದಲ್ಲಿ ಒಂದು ಪೆನ್ನೋ ನಾಣ್ಯವೋ ಇಟ್ಟು, ಓರೆಯಿಂದಲ್ಲ, ನೇರ ಮೇಲಿನಿಂದ ಫೋಟೊ ತೆಗೆಯಿರಿ. ಒಂದೇ ಹೆಜ್ಜೆಗೆ ನಿಲ್ಲಿಸದೆ ಅದರ ಹಿಂದುಮುಂದಿನ ಹೆಜ್ಜೆಗಳನ್ನೂ ತೆಗೆದು, ಮಣ್ಣು ಎಂಥದು, ಹಿಂದಿನ ರಾತ್ರಿ ಮಳೆಯಾಗಿತ್ತೇ, ನೋಡಿದ ಹೊತ್ತು ಯಾವುದು ಎಂದು ಬರೆದುಕೊಳ್ಳಿ. ಹುಲಿ, ಚಿರತೆ, ಕರಡಿಯ ಅನುಮಾನವಿದ್ದರೆ ಹೆಜ್ಜೆಯ ಜಾಡು ಹಿಡಿದು ಒಬ್ಬರೇ ಹೋಗಬೇಡಿ. ಅದನ್ನು ತುಳಿಯದಂತೆ ಬುಟ್ಟಿ ಮುಚ್ಚಿಟ್ಟು ಹತ್ತಿರದ ಅರಣ್ಯ ಕಚೇರಿಗೆ ತಿಳಿಸಿ.